ಗುಡಿಸುವ ಸರದಿ

ಹೆಸ್ಲಾಖ್ ಇಳಿಜಾರಿನ ಮೂರಂತಸ್ತಿನ ಮನೆಯಲ್ಲಿ
ವಾಲ್ಟ್ರೌಟ್ ಐಸೆಲೆಯ ಬಾಗಿಲ ಹಿಡಿಗೆ
ಭಾನುವಾರ ರಾತ್ರಿ ಯಾರೋ ತೂಗುಬಿಟ್ಟಿದ್ದಾರೆ
ಅಂಗೈಯಗಲ ಮರದ ಫಲಕ: ಈ ವಾರ ನಿಮ್ಮದು.
ಎಲ್ಲರೂ ತುಳಿವ ಮೆಟ್ಟಿಲನ್ನು
ಅವಳು ಗುಡಿಸಿ ಒರೆಸಬೇಕು.
ತಪ್ಪಿದರೆ ದಂಡವೇನಿಲ್ಲ;
ಕೆಳಮನೆಯ ಕುನ್‌ಲೆಯಮ್ಮ ಕೆಮ್ಮುತ್ತಾಳೆ, ಅಷ್ಟೆ.

ಹಗಲು ಬ್ಯೋಬ್ಲಿಂಗೆನ್ನಿನಲ್ಲಿ ಅವಳದು ಇದೇ ಕಸುಬು:
ಕರ್ನಲ್ಲಿನೊಳಗೆ ಎಲ್ಲ ಯಂತ್ರಗಳೂ ತುಳಿವ
ಒಂದು ಮೆಟ್ಟಿಲಸಾಲು. ಪುಟಪಟ್ಟಿಯ ನಡಿಗೆ.

ಮೊದಲ ದಿನ ನನಗಂದಳು: "ಒರ್ಹುನ್,
ವಿಳಾಸ ಸುಳ್ಳು. ನೆಲ ಮಾತ್ರ ನಿಜ.
ಪ್ರೋಗ್ರಾಮು ಕೇಳುವುದು ಸುಳ್ಳನ್ನೇ.
ಆ ಸುಳ್ಳನ್ನು ತುಂಡು ತುಂಡಾಗಿ ಮುರಿ,
ತುಂಡಿಗೊಂದು ಮಹಡಿ, ಮಹಡಿಗೊಂದು ಪಟ್ಟಿ,
ಪಟ್ಟಿ ತೋರಿದಲ್ಲಿಗೆ ಹೋಗು.
ಕೊನೆಗೆ ನಾಲ್ಕು ಸಾವಿರದ ತೊಂಬತ್ತಾರು ಬೈಟಿನ
ಒಂದು ಚೌಕ ನೆಲ. ಇಷ್ಟೇ ಗುಟ್ಟು."

ಇಷ್ಟೇ ಆಗಿದ್ದರೆ ಅವಳಿಗೆ ಸಂಬಳ ಯಾಕೆ?
ಒಂದು ಪ್ರೊಸೆಸರಿಗೆ ಎರಡೇ ಮಹಡಿ,
ಇನ್ನೊಂದಕ್ಕೆ ನಾಲ್ಕು, ಮತ್ತೊಂದಕ್ಕೆ ಐದು.
ಒಂದು ತಾನೇ ನಡೆದು ಹುಡುಕುತ್ತದೆ,
ಇನ್ನೊಂದು ಇದ್ದಲ್ಲೇ ಎಡವಿ ಬಿದ್ದು
ಕರ್ನಲ್ಲೇ ಬಂದು ಎತ್ತಲಿ ಎಂದು ಕೂಗುತ್ತದೆ.
ಮುಟ್ಟಿದ ಪುಟಕ್ಕೆ ಇಡುವ ಚಿಕ್ಕೆಯೂ
ಅಲ್ಲಿ ಬಲತುದಿಗೆ, ಇಲ್ಲಿ ನಡುವಿಗೆ.

ಹಾಗಾಗಿ ಹಿಂದಿನವರು ಒಂದು ನಟನೆ ಕಟ್ಟಿದರು:
ಎಲ್ಲೆಲ್ಲೂ ಐದು ಮಹಡಿ ಇದೆಯೆಂದೇ ನಡೆ.
ಇಲ್ಲದ್ದನ್ನು ಮಡಿಸಿಡು.
ಮಡಿಸಿದ ಮಹಡಿಗೆ ಬಂದವನಿಗೆ ಹೇಳು,
ನಿಂತಲ್ಲೇ ನಿಲ್ಲು, ಮುಂದಿನದು ಬಂತು ಅಂದುಕೋ.

ಗ್ದಾನ್ಸ್ಕಿನ ಝ್ಬಿಗ್ನೇವನಿಗೆ, ಪೋರ್ಟೋದ ಫಿಲೋಮೆನಾಳಿಗೆ
ಇದು ಸಲೀಸು. ಯಾವುದು ಮಡಿಸಿದ್ದೆಂದು ಕಟ್ಟುವಾಗಲೇ ಗೊತ್ತು,
ಬಾಗಿಲೇ ಇಡದೆ ಗೋಡೆ ಎಬ್ಬಿಸುತ್ತಾರೆ.
ಬ್ಯಾಂಕುಗಳನ್ನು ಹೊರುವ ನಮ್ಮ ದೊಡ್ಡ ಯಂತ್ರದ ರೀತಿ ಬೇರೆ:
ಮೂರು ಮಹಡಿಯಲ್ಲಿ ಹುಟ್ಟಿದ ಪ್ರೋಗ್ರಾಮು
ಹಸಿವು ಹೆಚ್ಚಿದರೆ ನಾಲ್ಕನೆಯದು ಕೇಳುತ್ತದೆ.
ಕೊಡುತ್ತೇವೆ,
ಓಡುತ್ತಿರುವಾಗಲೇ.

ಫೆಬ್ರವರಿಯಲ್ಲಿ ಸಾವಿನ ವರದಿ ಬಂತು.
ಹದಿನೆಂಟು ದಿನಕ್ಕೊಮ್ಮೆ, ಬೆಳಗಿನ ಜಾವ,
ಬೀಗ ಹಿಡಿಯದೆ ಓಡುವ ಅವಸರದ ನಡಿಗೆಯಲ್ಲಿ.
ಮೂರು ವಾರ ನೋಡಿದೆವು. ಕೋಡು ಸರಿಯಾಗಿತ್ತು.
ಸರಿಯಾಗಿರುವ ಕೋಡಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಸರದಿಯ ಶನಿವಾರ, ಕಸಬರಿಗೆ ಹಿಡಿದು ಇಳಿಯುವಾಗ
ಮೆಟ್ಟಿಲ ದೀಪ ಆರಿತು. ಮೂರು ನಿಮಿಷದ ದೀಪ;
ಸ್ವಾಬಿಯನ್ನರು ಬೆಳಕನ್ನೂ ಎಣಿಸಿ ಕೊಡುವವರು.
ಕೊನೆಯ ಮೆಟ್ಟಿಲಾದ ಮೇಲೂ ಅವಳ ಕಾಲು
ಇನ್ನೊಂದನ್ನು ಹುಡುಕಿತು.
ಇಲ್ಲದ ಮೆಟ್ಟಿಲಿಗೆ ಮೈಭಾರ ಬಿಟ್ಟಾಗ
ನೆಲವೇ ಎದ್ದು ಬಂದು ಹಿಮ್ಮಡಿಗೆ ಹೊಡೆಯುತ್ತದಲ್ಲ,
ಹಾಗೆ.

ಸೋಮವಾರ ಬೋರ್ಡಿನ ಮುಂದೆ ನಿಂತು ಹೇಳಿದಳು:
ಬೀಗವಿಲ್ಲದೆ ನಡೆವವನು ಗೋಡೆಯ ಪಟ್ಟಿಯನ್ನು
ಒಮ್ಮೆ ನೋಡಿ ಚೀಟಿಗೆ ಇಳಿಸಿಕೊಳ್ಳುತ್ತಾನೆ,
ಮತ್ತೆ ನೋಡುವಷ್ಟರಲ್ಲಿ ಯಾರಾದರೂ ಅಳಿಸಿದರೆ? ಜಾಣನೇ.
ಚೀಟಿ ಹಿಡಿದು ಮಡಿಸಿದ ಮಹಡಿಗೆ ಬರುತ್ತಾನೆ.
ನಿಂತಲ್ಲೇ ನಿಲ್ಲು, ಅನ್ನುತ್ತದೆ ಅದು.
ನಿಂತದ್ದೆಲ್ಲಿ? ಗೋಡೆಯ ಮುಂದಲ್ಲ, ಚೀಟಿಯ ಮೇಲೆ.
ಇನ್ನು ಮುಂದಿನ ಸಾಲು ಓದು ಅಂದರೆ
ಚೀಟಿಯ ಆಚೆ ಇರುವುದು ಅವನದೇ ಹೆಬ್ಬೆರಳು.
ಅದನ್ನೇ ವಿಳಾಸವೆಂದು ಓದಿ ಹೊರಟುಬಿಡುತ್ತಾನೆ.

ಯಾರು ಬರೆದದ್ದು, ಕೇಳಿದೆ.
ಒಂಬತ್ತು ವರ್ಷ ಹಳೆಯ ಆ ಸಾಲಿನ ಪಕ್ಕ
ಐಸೆಲೆ ಎಂದಿತ್ತು.
ಅವಳು ಕನ್ನಡಕ ಒರೆಸಿಕೊಂಡಳು, ಬಹಳ ಹೊತ್ತು.

ತಿದ್ದಿದ್ದು ಸ್ವಲ್ಪವೇ: ಚೀಟಿಯೂ ಇರಲಿ,
ಅದನ್ನು ಬರೆದುಕೊಂಡ ಗೋಡೆಯ ಜಾಗವೂ ಜೊತೆಗಿರಲಿ.
ಝ್ಬಿಗ್ನೇವ್ ಗೊಣಗಿದ, ನನಗೆ ಬೇಡದ ಹೊರೆ.
ಹೆಸರು ಚೆನ್ನಾಗಿಲ್ಲ ಅಂದಳು ಫಿಲೋಮೆನಾ;
ಹೆಸರಿಗೇ ಹದಿಮೂರು ದಿನ ಹೋಯಿತು.
ಆಮೇಲೆ ಇಬ್ಬರೂ ಹೊತ್ತರು.

ಮತ್ತೆ ಅವಳ ಸರದಿ ಬಂದ ವಾರ ನಾನೂ ಹೋಗಿದ್ದೆ.
ಫಲಕವನ್ನು ಕುನ್‌ಲೆಯಮ್ಮನ ಬಾಗಿಲಿಗೆ ತೂಗಿಸಿ
ಅವಳು ಮೇಲೆ ಹೋದಳು. ದೀಪ ಆರಿತು.
ಎಣಿಸುತ್ತ ಇಳಿದೆ. ಹದಿನೇಳು.
ಆದರೂ ಒಮ್ಮೆ
ಕಾಲು ಚಾಚಿ ನೋಡಿದೆ.